ಕೂಗದ ಹುಂಜ

ನಮ್ಮ ಮನೆಯಲ್ಲಿ ಹುಂಜ ಆರಿಸುವ ಕೆಲಸ ಮೊದಲೆಲ್ಲ ಕಣ್ಣಿನಿಂದ ನಡೆಯುತ್ತಿತ್ತು. ಕೊನೆಯ ಎರಡು ವರ್ಷ ಕಿವಿಯಿಂದ ನಡೆಯಿತು. ಬೆಳಕು ಹರಿಯುವ ಹೊತ್ತಿಗೆ ನನ್ನ ಗಂಡ ಚಪ್ಪಲಿ ಮೆಟ್ಟಿ ಬೀದಿಗೆ ಇಳಿಯುತ್ತಿದ್ದರು. ನಾನು ತಾರಸಿಯ ಮೇಲೆ, ನೈಟಿಯ ಮೇಲೊಂದು ಶಾಲು, ಕೈಯಲ್ಲಿ ಫೋನು. ಬಿದಿರಿನ ಮಂಕರಿಯ ಕೆಳಗೆ ಕವುಚಿಟ್ಟ ಹುಂಜಗಳನ್ನು ನಾನು ಒಂದೊಂದಾಗಿ ಹೊರಗೆ ಬಿಡಬೇಕು, ಅದು ರೆಕ್ಕೆ ಬಡಿದು ಕೂಗಬೇಕು, ಅವರು ಹಿಂದಿನ ಅಪಾರ್ಟ್‌ಮೆಂಟಿನ ಕಾಂಪೌಂಡಿನ ಹತ್ತಿರ ನಿಂತು ಆ ಕೂಗು ಎಷ್ಟು ಜೋರಾಗಿ ಕೇಳಿಸಿತು ಎಂದು ನೋಡಬೇಕು. ಅಲ್ಲಿ ಕೇಳಿಸಿದರೆ ಹಾಲಿನ ಬೂತಿನ ತನಕ ನಡೆದು ಹೋಗಿ ಇನ್ನೊಮ್ಮೆ ಕೇಳುವುದು. ಅಲ್ಲಿಗೂ ಕೇಳಿಸಿದರೆ ಆ ಹುಂಜದ ಕಥೆ ಮುಗಿಯಿತು.

"ಈಗ ಕೂಗಿದ್ದು ಯಾವುದೇ?" ಎಂದು ಫೋನಿನಲ್ಲಿ ಕೇಳುತ್ತಿದ್ದರು.

"ಕಾಲಿಗೆ ಕೆಂಪು ದಾರ ಕಟ್ಟಿರೋದು."

"ಥೂ, ಕಿವಿ ಪಕ್ಕದಲ್ಲೇ ಕೂಗ್ದಂಗೈತೆ. ಬಿಡು, ಅದು ಬ್ಯಾಡ."

ಹಾಲಿಗೆ ಬಂದವರು ಇವರನ್ನು ನೋಡಿ ಏನಂದುಕೊಳ್ಳುತ್ತಿದ್ದರೋ ಗೊತ್ತಿಲ್ಲ. ಅರವತ್ತು ದಾಟಿದ ಗಂಡಸು, ಪಂಚೆ ಎತ್ತಿ ಕಟ್ಟಿಕೊಂಡು, ಕಣ್ಣು ಮುಚ್ಚಿ ಬೀದಿ ಮಧ್ಯೆ ನಿಂತಿರುವುದು. ನಾನಂತೂ ಮೇಲಿನಿಂದ ನೋಡಿ, ಇಂಥವರನ್ನು ಕಟ್ಟಿಕೊಂಡೆನಲ್ಲ ಎಂದು ಹಣೆ ಚಚ್ಚಿಕೊಂಡದ್ದುಂಟು. ಹಾಗಂತ ಒಂದು ದಿನವೂ ತಪ್ಪಿಸಲಿಲ್ಲ.

ನಮ್ಮದು ಸಿ.ವಿ. ರಾಮನ್ ನಗರಕ್ಕೆ ಆ ಹೆಸರು ಬರುವ ಮೊದಲಿನಿಂದ ಇಲ್ಲೇ ಇರುವ ಮನೆತನ. ಮಾವನವರು ರಾಗಿ ಬೆಳೆದ ನೆಲದ ಮೇಲೆ ಈಗ ಬೀದಿಗಳಿವೆ. ಉಳಿದ ಒಂದು ಸೈಟಿನಲ್ಲಿ ಮನೆ ಕಟ್ಟಿಕೊಂಡಿದ್ದೇವೆ. ಕೆಳಗೆ ನಾವಿಬ್ಬರು, ಮೇಲಿನ ಎರಡು ಅಂತಸ್ತಿನಲ್ಲಿ ರಾಯಚೂರು, ಕಲಬುರಗಿ ಕಡೆಯಿಂದ ದುಡಿಯಲು ಬಂದವರ ಬಾಡಿಗೆ ರೂಮುಗಳು, ಎಲ್ಲಕ್ಕಿಂತ ಮೇಲೆ ತಾರಸಿಯಲ್ಲಿ ಶೀಟು ಹೊದಿಸಿದ ಕೋಳಿಗೂಡು. ಬಾಡಿಗೆದಾರರು ನಮ್ಮ ಮನೆಯನ್ನು ಕೋಳಿಯವರ ಮನೆ ಎಂದೇ ಕರೆಯುತ್ತಾರೆ. ನಾನು ಮದುವೆಯಾಗಿ ಬಂದದ್ದು ಲಿಂಗರಾಜಪುರದಿಂದ. ಅಲ್ಲಿ ನಮಗೆ ಕೋಳಿ ಅಂದರೆ ಭಾನುವಾರ ಅಂಗಡಿಯಿಂದ ಕವರಿನಲ್ಲಿ ಬರುವ ವಸ್ತು. ಜೀವಂತ ಕೋಳಿಯ ಗಲೀಜು ತೊಳೆಯುವುದನ್ನು ನನಗೆ ಕಲಿಸಿದ್ದು ಈ ಮನೆ.

ಮಾವನವರ ಕಾಲಕ್ಕೇ ಇವರ ಹುಚ್ಚು ಶುರುವಾಗಿತ್ತು. ಮಾವನವರಿಗೆ ಕನಕಪುರದ ಆಚೆ ಕಾಡಂಚಿನಲ್ಲಿ ನೆಂಟರಿದ್ದರು. ಅಲ್ಲಿ ಮನೆಯ ಹೇಂಟೆಗಳು ಮೇಯಲು ಪೊದೆಯೊಳಗೆ ಹೋದಾಗ ಕಾಡಿನ ಹುಂಜ ಬಂದು ಕೂಡುವುದಿತ್ತಂತೆ. ಕಾಡುಕೋಳಿಯನ್ನು ಹಿಡಿದು ಸಾಕುವುದು ಕಾನೂನಿಗೆ ವಿರುದ್ಧ, ಆ ಕೆಲಸ ನಮ್ಮವರು ಯಾವತ್ತೂ ಮಾಡಲಿಲ್ಲ. ತಾನಾಗಿ ಬೆರೆತು ಹುಟ್ಟಿದ ಒಂದು ಹುಂಜವನ್ನು ಮಾವನವರು ಬಸ್ಸಿನಲ್ಲಿ ಚೀಲದೊಳಗಿಟ್ಟು ತಂದಿದ್ದರು. ಅದರ ಕತ್ತಿನ ಗರಿಗಳ ತುದಿಯಲ್ಲಿ, ಮೇಣದ ಹನಿ ಬಿದ್ದು ಗಟ್ಟಿಯಾದ ಹಾಗೆ, ಒಂದೊಂದು ಹಳದಿ ಚುಕ್ಕಿ. ಆ ಚುಕ್ಕಿಗೆ ನನ್ನ ಗಂಡ ಮರುಳಾದರು. ಆಮೇಲೆ ಶಿವಾಜಿನಗರದ ಹಕ್ಕಿ ಅಂಗಡಿಯೊಂದರಲ್ಲಿ ಗೇಮ್ ಬಾಂಟಮ್ ಜಾತಿಯ ಪುಟ್ಟ ಹೇಂಟೆಗಳನ್ನು ಕಂಡು ಅದಕ್ಕೂ ಮರುಳಾದರು. ಪಾರಿವಾಳಕ್ಕಿಂತ ಸ್ವಲ್ಪ ದೊಡ್ಡದು, ನೆಟ್ಟಗೆ ನಿಲ್ಲುವ ಮೈಕಟ್ಟು. "ಸೈಜ್ ಚೋಟಾ ಸಾರ್, ಗುಸ್ಸಾ ಮಾತ್ರ ಬಡಾ" ಎಂದು ಅಂಗಡಿಯವನು ಹೇಳಿದ್ದನ್ನು ಇವರು ನನಗೆ ಎಷ್ಟು ಸಲ ಹೇಳಿದ್ದಾರೋ. ಗುಸ್ಸಾ ಅಂದರೆ ಸಿಟ್ಟು, ಅದನ್ನು ನನ್ನನ್ನು ನೋಡಿ ನಗುತ್ತಲೇ ಹೇಳುತ್ತಿದ್ದರು.

ಆ ಪುಟ್ಟ ಮೈಯಲ್ಲಿ ಈ ಹಳದಿ ಚುಕ್ಕಿ ನಿಲ್ಲಬೇಕು. ಅವರಿಗೆ ಬೇಕಾದದ್ದು ಇಷ್ಟೇ. ಹೇಳುವಾಗ ಇಷ್ಟೇ ಅನ್ನಬಹುದು, ಅದಕ್ಕೆ ಒಂದು ಆಯಸ್ಸು ಹೋಯಿತು. ಒಂದು ಪೀಳಿಗೆಯಲ್ಲಿ ಚುಕ್ಕಿ ಬಂದರೆ ಮೈ ದೊಡ್ಡದಾಗುತ್ತಿತ್ತು, ಮೈ ಚಿಕ್ಕದಾದರೆ ಚುಕ್ಕಿ ಮಾಯ. ಎರಡೂ ಸರಿಯಾದರೆ ಆ ಹುಂಜ ಮನುಷ್ಯರನ್ನು ಕಂಡರೆ ಕಣ್ಣಿಗೆ ಹಾರುವಂಥದ್ದು. ಪ್ರತಿ ವರ್ಷ ಒಂದೇ ಹುಂಜ, ಜೊತೆಗೆ ಎರಡು ಮೂರು ಹೇಂಟೆ ಉಳಿಸಿಕೊಳ್ಳುತ್ತಿದ್ದರು. ಮಿಕ್ಕದ್ದು ನಮ್ಮ ಸಾರಿಗೋ ಬಾಡಿಗೆಯವರ ಸಾರಿಗೋ ಆಗುತ್ತಿತ್ತು. ಜೀವಂತ ಕೋಳಿಯನ್ನು, ಹುಂಜವಿರಲಿ ಹೇಂಟೆಯಿರಲಿ, ಮನೆಯಿಂದ ಆಚೆಗೆ ಕೊಡುವಂತಿಲ್ಲ. ಅದು ಅವರ ಕಟ್ಟಳೆ.

ಅದಕ್ಕೆ ಕಾರಣವಿತ್ತು. ಕೆ.ಆರ್. ಪುರದ ಆಚೆಯಿಂದ ಆಗಾಗ ಕೋಳಿ ಪಂದ್ಯದವರು ಬರುತ್ತಿದ್ದರು. ಬೈಕಿನಲ್ಲಿ ಬಂದು, ಕಾಫಿ ಕುಡಿದು, "ಒಂದೇ ಒಂದು ಗಂಡು ಕೊಡಣ್ಣ, ನೀನು ಹೇಳಿದಷ್ಟು" ಎಂದು ಕೂರುತ್ತಿದ್ದರು. ಇವರು ಮೊದಲು ನಗುತ್ತಲೇ ಇಲ್ಲ ಅನ್ನುತ್ತಿದ್ದರು. ಒಂದು ಸಲ ಅವರಲ್ಲೊಬ್ಬ, ಕಾಲಿಗೆ ಕತ್ತಿ ಕಟ್ಟಿದರೆ ಇದು ಹೇಗೆ ಹೊಡೆಯಬಹುದು ಎಂದು ಹುಂಜದ ಕಾಲು ಹಿಡಿದು ನೋಡಿದ. ಲೋಟ ಇನ್ನೂ ಅವನ ಕೈಯಲ್ಲಿರುವಾಗಲೇ ನಮ್ಮವರು ಅವನ ಭುಜ ಹಿಡಿದು ಎಬ್ಬಿಸಿ, ಮೆಟ್ಟಿಲಿನ ತನಕ ದೂಡಿಕೊಂಡು ಹೋಗಿ ಬಿಟ್ಟು ಬಂದರು. "ತಳಿ ನಿಲ್ಲೋ ತನಕ ಒಂದು ಗರೀನೂ ಆಚೆಗೆ ಹೋಗಲ್ಲ. ನಿಂತ ಮೇಲೆ, ಸಾಕೋ ಮನುಷ್ಯರು ಯಾರು ಅಂತ ನಾನೇ ಹುಡುಕ್ಕೊಂಡು ಹೋಗಿ ಕೊಡ್ತೀನಿ" ಎಂದು ಬೈದುಕೊಂಡೇ ಕೈ ತೊಳೆದರು. ಆ ಲೋಟ ಹೋದದ್ದು ಹೋಯಿತು, ಅವನು ಅದನ್ನು ಹಿಡಿದುಕೊಂಡೇ ಇಳಿದಿದ್ದ.

ನಮಗೆ ಮಕ್ಕಳಿಲ್ಲ. ಇದನ್ನು ಇಲ್ಲಿ ಹೇಳದೆ ಮುಂದಿನದು ಯಾರಿಗೂ ಅರ್ಥವಾಗುವುದಿಲ್ಲ. ಎರಡು ಸಲ ಬಸಿರು ನಿಂತು ಇಳಿದುಹೋಯಿತು, ಆಮೇಲೆ ನಿಲ್ಲಲೂ ಇಲ್ಲ. ಆಸ್ಪತ್ರೆ, ಹರಕೆ, ವ್ರತ ಎಲ್ಲ ಮುಗಿದು, ನನಗೆ ಕೂದಲು ನೆರೆಯತೊಡಗಿದ ಮೇಲೆ ಜನ ಕೇಳುವುದನ್ನು ಬಿಟ್ಟರು. ನೆಂಟರು ಬಿಡಲಿಲ್ಲ. ನಾದಿನಿಯ ಮೊಮ್ಮಗನ ನಾಮಕರಣದಲ್ಲಿ, ಪಂಕ್ತಿಯಲ್ಲಿ ನಾನು ಕೂತಿರುವಾಗಲೇ, ಆಕೆ ಪಕ್ಕದವರಿಗೆ ಹೇಳಿದಳು: "ನಮ್ಮಣ್ಣ ಮನೆಗೆ ವಂಶ ಬೆಳೆಸ್ನಿಲ್ಲ, ಕೋಳಿಗೆ ವಂಶ ಬೆಳೆಸ್ತವ್ನೆ." ಎಲೆಯ ಮೇಲೆ ಆಗಷ್ಟೇ ಹೋಳಿಗೆ ಬಿದ್ದಿತ್ತು. ಎದ್ದು ಬಂದುಬಿಟ್ಟೆ. ಆ ಹೋಳಿಗೆ ಬಿಟ್ಟು ಬಂದದ್ದಕ್ಕೂ ದಾರಿಯುದ್ದಕ್ಕೂ ಹೊಟ್ಟೆ ಉರಿಯಿತು.

ಸ್ಕೂಟರಿನಲ್ಲಿ ಇವರ ಬೆನ್ನ ಹಿಂದೆ ಕೂತು ನಾದಿನಿಗೆ ಶಾಪ ಹಾಕುತ್ತಾ ಬಂದೆ. ಇವರು ಸುಮ್ಮನೆ ಕೇಳಿಕೊಂಡು, ಮನೆಯ ಮುಂದೆ ಸ್ಟ್ಯಾಂಡು ಹಾಕುವಾಗ ಹೇಳಿದರು: "ಅವಳು ಹೇಳಿದ್ದು ಸುಳ್ಳೇನಲ್ಲವಲ್ಲೇ. ನಾವು ಹೋದ್ಮೇಲೆ ಯಾರೋ ಒಬ್ಬರು ಒಂದು ಹುಂಜ ಹಿಡ್ಕೊಂಡು, ಇದು ಇಂಥವನು ಮಾಡಿದ ತಳಿ ಅಂದ್ರೆ ಸಾಕು ನಂಗೆ." ಅವರ ಮೇಲೆ ನನಗಿದ್ದ ಸಿಟ್ಟೆಲ್ಲ ಅವತ್ತು ಇಳಿಯಿತು. ಅಲ್ಲಿಂದ ಮುಂದೆ ಕೋಳಿಗಳು ನನ್ನವೂ ಆದವು. ಬಾಯಲ್ಲಿ ಮಾತ್ರ ಒಪ್ಪಿಕೊಳ್ಳಲಿಲ್ಲ.

ನಮ್ಮ ಹಿಂದಿನ ಖಾಲಿ ಸೈಟಿನಲ್ಲಿ ಅಪಾರ್ಟ್‌ಮೆಂಟು ಎದ್ದದ್ದು ಅದಾಗಿ ಕೆಲವು ವರ್ಷಕ್ಕೆ. ಅದರ ಮೂರನೇ ಅಂತಸ್ತಿನ ಮಲಗುವ ಕೋಣೆಯ ಕಿಟಕಿ ನೇರವಾಗಿ ನಮ್ಮ ಕೋಳಿಗೂಡಿಗೆ ಮುಖ ಮಾಡಿತ್ತು. ಅಲ್ಲಿದ್ದದ್ದು ಒಬ್ಬ ನರ್ಸಮ್ಮ, ಇನ್ನೂ ಮೂವತ್ತು ದಾಟದ ಹುಡುಗಿ. ಒಂದು ಸಂಜೆ ಬಂದು ಬಾಗಿಲಲ್ಲೇ ನಿಂತಳು. ಬಾಳೆಹಣ್ಣು ಬೇರೆ ತಂದಿದ್ದಳು.

"ಅಂಕಲ್, ನೈಟ್ ಡ್ಯೂಟಿ ಮುಗ್ಸಿ ಬೆಳಗಿನ ಜಾವ ಬಂದು ಮಲಗ್ತೀನಿ. ಕಣ್ಣು ಮುಚ್ಚೋ ಹೊತ್ತಿಗೆ ನಿಮ್ದು ಶುರು ಆಗತ್ತೆ. ನಂಗೆ ಜಗಳ ಬೇಡ. ನಿದ್ದೆ ಬೇಕು, ಅಷ್ಟೇ."

ಜಗಳಕ್ಕೆ ಬಂದಿದ್ದರೆ ನಾನು ನೋಡಿಕೊಳ್ಳುತ್ತಿದ್ದೆ. ಬಾಳೆಹಣ್ಣು ಹಿಡಿದು ಕೆಂಪು ಕಣ್ಣು ಮಾಡಿಕೊಂಡು ನಿಂತವಳಿಗೆ ಏನು ಹೇಳುವುದು? ಅವಳ ಹಿಂದೆಯೇ ಅವರ ಅಸೋಸಿಯೇಷನ್ನಿನ ಅಧ್ಯಕ್ಷರು ಬಂದರು. ಅವರದು ಬೇರೆಯೇ ಧಾಟಿ. ಹುಂಜಗಳನ್ನೆಲ್ಲ ತೆಗೆಯಿರಿ, ಇಲ್ಲವಾದರೆ ಕಂಪ್ಲೇಂಟ್ ಕೊಡುತ್ತೇವೆ ಎಂದರು. ನಮ್ಮವರು ದನಿ ಎತ್ತಲಿಲ್ಲ. ಎರಡು ವರ್ಷ ಟೈಮು ಕೊಡಿ, ಕೂಗು ಕಮ್ಮಿ ಮಾಡುತ್ತೇನೆ ಎಂದರು. ಅಧ್ಯಕ್ಷರಿಗೆ ನಗು ಬಂತು. ಕೂಗು ಕಮ್ಮಿ ಮಾಡುವುದಕ್ಕೆ ಇದೇನು ಟೀವಿಯಾ ಎಂದು ಕೇಳಿದರು. ಚಿಕ್ಕ ಮೈಯನ್ನು, ಗರಿಯ ಚುಕ್ಕಿಯನ್ನು ಆರಿಸಿ ಆರಿಸಿ ತಂದ ಹಾಗೆ ಸಣ್ಣ ಕೂಗನ್ನೂ ಆರಿಸಿ ತರಬಹುದು ಎಂದು ಇವರು ಬಿಡಿಸಿ ಹೇಳಿದರು. ಕೊನೆಗೆ ಆ ನರ್ಸಮ್ಮನೇ, "ಇರ್ಲಿ ಬಿಡಿ ಸರ್, ಟ್ರೈ ಮಾಡ್ಲಿ, ನಾನು ಕಿವಿಗೆ ಹತ್ತಿ ಇಟ್ಕೊತೀನಿ" ಎಂದಳು. ಹಾಗೆ ಎರಡು ವರ್ಷ ಸಿಕ್ಕಿತು. ಆ ಎರಡು ವರ್ಷ ಮುಗಿದ ಮೇಲೆ ಒಂದೇ ಹುಂಜ ಇರಬೇಕು, ಅದರ ಕೂಗು ಆ ಕಿಟಕಿಗೆ ಕೇಳಿಸಬಾರದು ಎಂಬ ಷರತ್ತಿನ ಮೇಲೆ.

ಮೊದಲ ವರ್ಷದ ಹುಂಜಗಳು ಒಂದಕ್ಕಿಂತ ಒಂದು ಜೋರು ಗಂಟಲಿನವು. ಬಾಂಟಮ್ಮಿನ ಕೂಗು ಮೈಗೆ ತಕ್ಕ ಹಾಗೆ ಇರುವುದಿಲ್ಲ. ಕಿವಿಯೊಳಗೆ ಸೂಜಿ ಹಾಕಿದ ಹಾಗೆ ಇರುತ್ತದೆ, ಒಂದು ಸಲ ಶುರುವಾದರೆ ನಿಲ್ಲುವುದೂ ಇಲ್ಲ. ಅವುಗಳಲ್ಲಿ ಇದ್ದುದರಲ್ಲಿ ಮೆತ್ತಗಿನದನ್ನು ಉಳಿಸಿಕೊಂಡರು. ಚುಕ್ಕಿ ಚೆನ್ನಾಗಿದ್ದ ಒಂದನ್ನು, ಗಂಟಲು ಜೋರು ಎಂಬ ಒಂದೇ ಕಾರಣಕ್ಕೆ ಬಿಡಬೇಕಾಯಿತು. ಅದನ್ನು ಕೊಯ್ದ ದಿನ ಇವರು ಅನ್ನ ಮೊಸರು ಕಲೆಸಿಕೊಂಡು ಎದ್ದರು. ಸಾರು ನಾನೊಬ್ಬಳೇ ಬಡಿಸಿಕೊಂಡೆ. ನನಗೂ ಸೇರಲಿಲ್ಲ.

ಎರಡನೇ ವರ್ಷ ಯುಗಾದಿಯ ಹೊತ್ತಿಗೆ ಒಡೆದ ಮರಿಗಳಲ್ಲಿ ಅದಿತ್ತು. ಚಿಕ್ಕಂದಿನಲ್ಲಿ ಯಾರ ಕಣ್ಣಿಗೂ ಬೀಳದ ಸಾಧಾರಣ ಮರಿ. ಮಳೆಗಾಲ ಕಳೆದು ಗರಿ ಬಲಿತಾಗ ನೋಡಿದರೆ ಕತ್ತಿನ ಸುತ್ತ ಸಾಲಾಗಿ ಹಳದಿ ಚುಕ್ಕಿ, ಒಂದೂ ತಪ್ಪಿರಲಿಲ್ಲ. ಮೈ ಅಂಗೈ ಮೇಲೆ ಕೂರುವಷ್ಟು. ಕೈಗೆತ್ತಿಕೊಂಡರೆ ಕುಕ್ಕುತ್ತಿರಲಿಲ್ಲ, ತಲೆ ವಾಲಿಸಿ ನಮ್ಮನ್ನೇ ನೋಡುತ್ತಿತ್ತು. ದಸರಾ ಹೊತ್ತಿಗೆ ಅದರ ಅಣ್ಣತಮ್ಮಂದಿರೆಲ್ಲ ಬೀದಿ ಎಬ್ಬಿಸುವ ಹಾಗೆ ಕೂಗತೊಡಗಿದರು. ಇದು ಮಾತ್ರ ರೆಕ್ಕೆ ಬಡಿಯುತ್ತಿತ್ತು, ಕತ್ತು ಚಾಚುತ್ತಿತ್ತು, ಕೊಕ್ಕು ತೆರೆಯುತ್ತಿತ್ತು, ಒಳಗಿನಿಂದ ಒಂದು ಗೊರಗೊರ ದನಿ ಬಂದು ನಿಂತುಹೋಗುತ್ತಿತ್ತು.

ಇವರು ಕಾಂಪೌಂಡಿನ ಹತ್ತಿರ ನಿಂತು ಫೋನು ಮಾಡಿದರು. "ಬಿಡೇ ಅದನ್ನ."

"ಬಿಟ್ಟಾಯ್ತು. ಕೂಗಿದ್ದೂ ಆಯ್ತು."

"ಯಾವಾಗ?"

"ಈಗಷ್ಟೇ. ಎರಡು ಸಲ."

ಬಗ್ಗಿ ನೋಡಿದರೆ ಇವರು ಬೀದಿಯಲ್ಲಿ ನಿಂತು ಪಂಚೆಯ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಹುಂಜವನ್ನು ಎತ್ತಿ ಎದೆಗೊತ್ತಿಕೊಂಡೆ, ನೈಟಿ ಗಲೀಜಾದರೆ ಆಗಲಿ ಎಂದು. ಅದು ಒಂದು ಸಲ ಸೀನಿತು. ಹತ್ತಿರದಲ್ಲೇ ಇನ್ನೊಂದು ಕಟ್ಟಡ ಏಳುತ್ತಿತ್ತು, ತಾರಸಿಯ ತುಂಬ ಸಿಮೆಂಟಿನ ಧೂಳು. ನಾವೂ ಸೀನುತ್ತಿದ್ದೆವು.

ನರ್ಸಮ್ಮನನ್ನು ಕರೆದು, ಅವಳ ಕೋಣೆಯಲ್ಲೇ ಕಿಟಕಿ ತೆಗೆದು ಕೂರಿಸಿ ಕೇಳಿಸಿದೆವು. ಕೇಳಿಸಿದೆವು ಅನ್ನುವುದೇ ತಪ್ಪು, ಅವಳಿಗೆ ಏನೂ ಕೇಳಿಸಲಿಲ್ಲ. ಅವಳು ಚಪ್ಪಾಳೆ ತಟ್ಟಿದಳು. ಮಾರನೆಯ ಸಂಜೆ ಅಧ್ಯಕ್ಷರೂ ಬಂದು ಕೈ ಕುಲುಕಿ, "ಗ್ರೇಟ್ ಸರ್, ನಾನು ನಂಬಿರ್ಲಿಲ್ಲ" ಎಂದರು. ನಾನು ಅವರಿಗೆಲ್ಲ ಕೇಸರಿಬಾತು ಮಾಡಿ ಕೊಟ್ಟೆ. ಅಷ್ಟು ಖುಷಿಯಲ್ಲಿ ಇವರನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ ಎಂದು ಎಲ್ಲರೆದುರೇ ಹೇಳಿದೆ. ಇವರು ನಾಚಿಕೊಂಡರು.

ದೀಪಾವಳಿ ಕಳೆದ ಮೇಲೆ ಷರತ್ತಿನಂತೆ ಮಿಕ್ಕ ಹುಂಜಗಳು ಹೋದವು. ಅಣ್ಣತಮ್ಮಂದಿರು ಮನೆಯ ಸಾರಿಗೆ, ಹಳೆಯ ಹುಂಜ, ಅಂದರೆ ಇದರ ಅಪ್ಪ, ಊರಮ್ಮನ ಹರಕೆಗೆ. ಹಳೆಯ ಹೇಂಟೆಗಳನ್ನೂ ಉಳಿಸಲಿಲ್ಲ. ತಾರಸಿಯ ಮೇಲೆ ಉಳಿದದ್ದು ಈ ಕೂಗದ ಹುಂಜ ಮತ್ತು ಇವರು ಆರಿಸಿದ ಮೂರು ಹೇಂಟೆ. ಇಷ್ಟು ವರ್ಷದ ಕೆಲಸವೆಲ್ಲ ಆ ನಾಲ್ಕು ಜೀವಗಳ ಒಳಗೆ ಇತ್ತು. ಇನ್ನೊಂದು ಸುತ್ತು ಮರಿ ಇದೇ ಥರ ಬಂದರೆ ತಳಿ ನಿಂತ ಹಾಗೆ ಎಂದು ಇವರು ಹೇಳಿದರು. ಯಾರ್ಯಾರಿಗೆ ಜೋಡಿ ಕೊಡಬೇಕು ಎಂದು ಊಟಕ್ಕೆ ಕೂತಾಗಲೆಲ್ಲ ಮಾತು. ಮೊದಲ ಜೋಡಿ ನಾದಿನಿಯ ಮೊಮ್ಮಗನಿಗಂತೆ. ನಾನು ತಟ್ಟೆ ಕುಕ್ಕಿದೆ. "ಮಗು ಏನು ಮಾಡ್ತು ನಿಂಗೆ" ಎಂದು ಇವರು ನಕ್ಕರು.

ಒಂದು ಹೇಂಟೆ ಕಾವಿಗೆ ಕೂತು ಸಂಕ್ರಾಂತಿಯ ಆಸುಪಾಸಿನಲ್ಲಿ ಮರಿ ಮಾಡಿತು. ಇಟ್ಟದ್ದರಲ್ಲಿ ಅರ್ಧದಷ್ಟು ಮೊಟ್ಟೆ ಒಡೆಯಲೇ ಇಲ್ಲ. ಚಳಿ ಜಾಸ್ತಿ, ಅದಕ್ಕೇ ಇರಬೇಕು ಎಂದುಕೊಂಡೆವು. ಒಡೆದ ಮರಿಗಳು ಚುರುಕಾಗಿಯೇ ಇದ್ದವು. ಆಮೇಲೆ ಮೂರು ದಿನ ಮೋಡ ಮುಸುಕಿ ಕುಳಿರ್ಗಾಳಿ ಬೀಸಿತು. ನಾಲ್ಕನೆಯ ಬೆಳಗ್ಗೆ ನಾನು ಕಾಳು ಹಾಕಲು ಹೋದಾಗ ಮರಿಗಳು ಕತ್ತು ಮೇಲೆತ್ತಿ, ಕೊಕ್ಕು ತೆರೆದು, ಉಸಿರಿಗಾಗಿ ಬಾಯಿ ಬಿಡುತ್ತಿದ್ದವು. ಗೂಡಿನ ತುಂಬ ಒಂದು ಗೊರಗೊರ ಸದ್ದು. ಆ ಸದ್ದು ನನಗೆ ಗೊತ್ತಿತ್ತು. ಮೂಲೆಯಲ್ಲಿ ಹುಂಜ ಗರಿ ಕೆದರಿಕೊಂಡು ಕೂತಿತ್ತು, ಅದರ ಮೂಗಿನಿಂದ ನೀರು.

ಹುಂಜವನ್ನೂ ಎರಡು ಮರಿಗಳನ್ನೂ ರಟ್ಟಿನ ಡಬ್ಬಿಯಲ್ಲಿಟ್ಟು ಆಟೋದಲ್ಲಿ ಹಲಸೂರಿನ ಕಡೆ ಇರುವ ಒಬ್ಬ ಡಾಕ್ಟರಮ್ಮನ ಹತ್ತಿರ ಹೋದೆವು. ಹಕ್ಕಿ, ಕೋಳಿಗಳನ್ನು ನೋಡುವವರು. ಆಕೆ ಹುಂಜದ ಎದೆಗೆ ಕಿವಿಗೊಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಇದು ಮೊದಲಿನಿಂದ ಹೇಗೆ ಕೂಗುತ್ತಿತ್ತು ಎಂದು ಕೇಳಿದರು.

"ಕೂಗ್ತಾನೇ ಇರ್ಲಿಲ್ಲ ಮೇಡಂ. ಅದಕ್ಕೇ ಇಟ್ಕೊಂಡಿದ್ದು" ಎಂದರು ಇವರು. ಹೆಮ್ಮೆ ಇನ್ನೂ ದನಿಯಲ್ಲಿ ಇತ್ತು.

ಡಾಕ್ಟರಮ್ಮ ಇವರ ಮುಖ ನೋಡಿದರು, ಆಮೇಲೆ ನನ್ನ ಮುಖ. "ಇದಕ್ಕೆ ಕೂಗಕ್ಕೆ ಆಗ್ತಿರ್ಲಿಲ್ಲ ಸರ್. ಉಸಿರಿನ ಕಾಯಿಲೆ. ಚಿಕ್ಕದರಿಂದ್ಲೇ ಒಳಗೆ ಇದ್ದಿರ್ಬೇಕು. ಬಿಸಿಲಲ್ಲಿ ಗೊತ್ತಾಗಲ್ಲ, ಥಂಡಿಗೆ ಎದ್ದು ಬರತ್ತೆ."

"ಮರಿಗಳಿಗೆ?"

"ಮೊಟ್ಟೆ ಮೂಲಕಾನೇ ಹೋಗಿದೆ. ತಾಯಿ ಕೋಳಿಗಳಿಗೂ ಬಂದಿರತ್ತೆ. ಮೇಲೆ ನೋಡಕ್ಕೆ ಚೆನ್ನಾಗಿರ್ತವೆ, ಔಷಧಿ ಕೊಟ್ರೂ ಒಳಗಿಂದ ಪೂರ್ತಿ ಹೋಗಲ್ಲ. ಅವು ಇಡೋ ಮೊಟ್ಟೆ ನೀವು ಬೇಯ್ಸಿ ತಿನ್ನಿ, ಪರವಾಗಿಲ್ಲ. ಕಾವಿಗೆ ಮಾತ್ರ ಇಡ್ಬೇಡಿ. ಇವುಗಳಿಂದ ಇನ್ನು ಮರಿ ತೆಗೀಬೇಡಿ."

ಆಟೋದಲ್ಲಿ ಇವರು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನನಗೆ ಕೋಪ ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಬೀದಿಯಲ್ಲಿ ನಿಂತು, ತಾರಸಿಯಲ್ಲಿ ನಿಂತು ನಾವು ಎರಡು ವರ್ಷ ಕೂಗು ಅಳೆದವರು. ಜೋರು ಗಂಟಲಿನ, ಗಟ್ಟಿ ಎದೆಯ ಹುಂಜಗಳನ್ನೆಲ್ಲ ಆರಿಸಿ ಆರಿಸಿ ಕೊಯ್ದು ತಿಂದೆವು. ಬೇರೆ ಯಾವ ಊರಿನಲ್ಲಿ, ಯಾವ ಕಾಲದಲ್ಲಿ ಕೋಳಿ ಸಾಕುವವರು ಕೂಗದ ಹುಂಜವನ್ನು ನೋಡಿ ಕೇಸರಿಬಾತು ಹಂಚುತ್ತಾರೆ? ನಮ್ಮ ಅತ್ತೆ ಬದುಕಿದ್ದರೆ, ಕೂಗದ ಹುಂಜಕ್ಕೆ ಮೈ ಸರಿಯಿಲ್ಲ ಎಂದು ನೋಡಿದ ಕೂಡಲೇ ಹೇಳುತ್ತಿದ್ದರು. ನಮಗೂ ಅದು ಗೊತ್ತಿಲ್ಲದ ವಿಷಯವೇನಲ್ಲ. ಕೂಗು ಕಮ್ಮಿಯಾಗಲಿ ಎಂದು ಅಷ್ಟೊಂದು ಕಾದಿದ್ದೆವು, ಬೇರೆ ಏನೂ ಹೊಳೆಯಲಿಲ್ಲ.

ಹುಂಜ ಮರುದಿನ ಮಧ್ಯಾಹ್ನ ಸತ್ತಿತು. ಮರಿಗಳು ಒಟ್ಟಿಗೆ ಸಾಯಲಿಲ್ಲ, ಅದೇ ಕಷ್ಟವಾದದ್ದು. ಇವರು ಒಂದೊಂದನ್ನೂ ಅಂಗೈಯಲ್ಲಿ ಹಿಡಿದು, ಟವೆಲು ಮುಚ್ಚಿ, ಅದು ಬಾಯಿ ತೆರೆದು ಮುಚ್ಚುವುದು ನಿಲ್ಲುವ ತನಕ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಕುತ್ತಿಗೆ ಮುರಿದುಬಿಡಿ, ಅದಕ್ಕೂ ನಿಮಗೂ ಬಿಡುಗಡೆ ಎಂದು ನಾನು ಅಂದೆ. ಅವರಿಗೆ ಆಗಲಿಲ್ಲ. ಇಷ್ಟು ವರ್ಷ ಎಷ್ಟು ಕೋಳಿ ಕೊಯ್ದ ಕೈ ಅದು. ಕೊನೆಗೆ ಕಾವು ಕೂತಿದ್ದ ಹೇಂಟೆಯೂ ಹೋಯಿತು. ಪೊಟ್ಟಣ ಕಟ್ಟಿ ಕಟ್ಟಿ ಇವರು ತೆಂಗಿನ ಮರದ ಬುಡದಲ್ಲಿ ಹೂತರು.

ಉಳಿದ ಎರಡು ಹೇಂಟೆಗಳಿಗೆ ಏನೂ ಆಗಲಿಲ್ಲ. ಆದದ್ದು ಮೇಲೆ ಕಾಣಲಿಲ್ಲ, ಅಷ್ಟೇ. ಅವು ಕೆದಕಿ ತಿಂದುಕೊಂಡು, ದಿನ ಬಿಟ್ಟು ದಿನ ಮೊಟ್ಟೆ ಇಡುತ್ತಲೇ ಹೋದವು. ಹುಂಜ ಸತ್ತ ಮೇಲೂ ಕೆಲವು ದಿನ ಹೇಂಟೆ ಇಡುವ ಮೊಟ್ಟೆಯಲ್ಲಿ ಅದರ 'ಬೀಜ' ಇರುತ್ತದೆ. ಇವರಿಗೆ ಅದು ಗೊತ್ತು, ಇವರ ಬಾಯಲ್ಲೇ ಕೇಳಿ ನನಗೂ ಗೊತ್ತು. ಇವರು ಆ ಮೊಟ್ಟೆಗಳನ್ನು ಅಡುಗೆಮನೆಗೆ ಕೊಡಲಿಲ್ಲ. ಬುಟ್ಟಿಯಲ್ಲಿ ರಾಗಿ ತುಂಬಿ, ಚೂಪು ತುದಿ ಕೆಳಗೆ ಮಾಡಿ ಒಂದೊಂದನ್ನೇ ಅದರಲ್ಲಿ ನೆಟ್ಟು, ದೇವರ ಕೋಣೆಯ ತಂಪಿನಲ್ಲಿ ಇಟ್ಟರು. ಕಾವಿಗೆ ಇಡುವ ಮೊಟ್ಟೆಯನ್ನು ಹಾಗೆ ಇಡುವುದು. ಅದೂ ಹೆಚ್ಚೆಂದರೆ ಎರಡು ವಾರ, ಆಮೇಲೆ ಒಳಗಿನ ಜೀವ ಹೋಗುತ್ತದೆ.

ನಾನು ದೀಪ ಹಚ್ಚಲು ಹೋದಾಗಲೆಲ್ಲ ಬುಟ್ಟಿ ನೋಡುತ್ತಿದ್ದೆ. ಮೊಟ್ಟೆಗಳು ದಿನವೂ ಒಂದೊಂದು ಮಗ್ಗುಲಿಗೆ ತಿರುಗಿರುತ್ತಿದ್ದವು. ಅಂದರೆ ಇವರು ಬಂದು ತಿರುಗಿಸಿ ಹೋಗುತ್ತಿದ್ದಾರೆ, ಒಳಗಿನದು ಚಿಪ್ಪಿಗೆ ಅಂಟದಿರಲಿ ಎಂದು. ದೇವರ ಮುಂದೆ ಕೈ ಮುಗಿದು ನಾನು ಬೇಡಿಕೊಂಡದ್ದು ಒಂದೇ, ಈ ಮೊಟ್ಟೆಗಳಲ್ಲಿ ಏನೂ ಇಲ್ಲದಿರಲಿ. ಹುಂಜಕ್ಕೆ ಕೊನೆಗೆ ಶಕ್ತಿಯೇ ಇರಲಿಲ್ಲ, ಎಲ್ಲ ಖಾಲಿ ಇರಲಿ. ಒಂದು ಕಾಲದಲ್ಲಿ ಇದೇ ದೇವರ ಮುಂದೆ ಇದಕ್ಕೆ ತದ್ವಿರುದ್ಧ ಬೇಡಿಕೊಂಡವಳು ನಾನು.

ಅದೇ ಹೊತ್ತಿಗೆ ಒಂದು ಹೇಂಟೆ ಕಾವಿಗೆ ಕೂತಿತು. ಕೆಳಗೆ ಮೊಟ್ಟೆಯಿಲ್ಲ, ಬರೀ ಹುಲ್ಲು. ಎತ್ತಿ ಆಚೆ ಬಿಟ್ಟರೆ ಗೊಣಗುತ್ತಾ ಹೋಗಿ ಮತ್ತೆ ಅಲ್ಲೇ ಕೂರುತ್ತಿತ್ತು. ಇವರು ಅದರ ಪಕ್ಕ ಸ್ಟೂಲು ಹಾಕಿಕೊಂಡು ಕೂತಿರುವುದನ್ನು ನೋಡಿ ನಾನು ಅವರ ಮನಸ್ಸು ಅರಿತೆ.

"ಇಡೋಣ್ವೇನೇ?" ಎಂದು ಕೇಳಿದರು. "ಎಲ್ಲಾನೂ ಸಾಯಲ್ಲ. ಒಂದೋ ಎರಡೋ ಬದುಕ್ಕೊಂಡ್ರೆ."

"ಬದುಕ್ಕೊಂಡು? ಅದರ ಮರಿಗೂ ಅದೇ ಕೊಡತ್ತಲ್ರೀ."

"ಇನ್ನೊಂದು ಸಲ ನೋಡೋದು."

"ನೀವು ನೋಡಿ" ಎಂದೆ. "ಟವೆಲ್ ಹಿಡ್ಕೊಂಡು ಮೆಟ್ಟಿಲ ಮೇಲೆ ನೀವು ಕೂತಿರೋದನ್ನ ಇನ್ನೊಂದು ಸಲ ನೋಡಕ್ಕೆ ನಂಗಾಗಲ್ಲ. ಇಟ್ರೆ ನಾನು ಲಿಂಗರಾಜಪುರಕ್ಕೆ ಹೋಗ್ತೀನಿ. ಖಂಡಿತ ಹೋಗ್ತೀನಿ." ಹೇಳುತ್ತಾ ಹೇಳುತ್ತಾ ಅಳು ಬಂದುಬಿಟ್ಟಿತು. ಅಲ್ಲಿ ನನ್ನ ತಾಯಿಮನೆ ಇಲ್ಲವಾಗಿ ಎಷ್ಟೋ ವರ್ಷವಾಗಿದೆ ಎಂದು ಇವರು ನೆನಪಿಸಲಿಲ್ಲ. ಸುಮ್ಮನೆ ಹೇಂಟೆಯ ಬೆನ್ನು ಸವರುತ್ತಾ ಕೂತರು.

ಆ ವಾರದಲ್ಲೇ ಅಧ್ಯಕ್ಷರು ಬೀದಿಯಲ್ಲಿ ಸಿಕ್ಕಿದರು. ತುಂಬಾ ಥ್ಯಾಂಕ್ಸ್ ಸರ್, ಈಗ ಸದ್ದೇ ಇಲ್ಲ, ಎಲ್ಲರೂ ಆರಾಮಾಗಿದ್ದಾರೆ ಎಂದರು. ನಾನು ಬಾಯಿ ತೆರೆದೆ. ಇವರು ನನ್ನ ಕೈ ಹಿಡಿದು ಅದುಮಿ, ಪರವಾಗಿಲ್ಲ ಸರ್ ಎಂದರು. ನರ್ಸಮ್ಮನಿಗೆ ವಿಷಯ ಗೊತ್ತಾಗಿ ಮನೆಗೆ ಬಂದಿದ್ದಳು. ನನ್ನ ಬಿ.ಪಿ. ನೋಡಿ ಹೋದಳು.

ಬುಟ್ಟಿಯ ಅವಧಿ ಮುಗಿಯುತ್ತಾ ಬಂದಿತ್ತು. ಒಂದು ಬೆಳಗ್ಗೆ ನಾನು ಹಾಲು ಕಾಯಿಸುತ್ತಿದ್ದಾಗ ಇವರು ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಗೆ ಬಂದರು. ಸ್ನಾನ ಮಾಡಿದ್ದರು. ಒಂದು ಅಗಲವಾದ ಪಾತ್ರೆ ಕೊಡು ಎಂದರು. ಕೊಟ್ಟೆ. ಕಿಟಕಿಯ ಬೆಳಕಿಗೆ ಬರುವ ಹಾಗೆ ಕಟ್ಟೆಯ ಮೇಲೆ ಪಾತ್ರೆ ಇಟ್ಟು, ಮೊದಲ ಮೊಟ್ಟೆಯನ್ನು ಅಂಚಿಗೆ ಕುಟ್ಟಿ, ಹಳದಿ ಒಡೆಯದ ಹಾಗೆ ನಿಧಾನವಾಗಿ ಬಿಟ್ಟರು.

"ಇಲ್ ನೋಡು" ಎಂದರು.

ಹಳದಿಯ ಮೇಲೆ ಸಾಸಿವೆಯಷ್ಟು ಬಿಳಿ ಚುಕ್ಕಿ, ಅದರ ಸುತ್ತ ತೆಳ್ಳಗೆ ಒಂದು ಉಂಗುರ. ಹುಂಜ ಕೂಡದ ಮೊಟ್ಟೆಯಲ್ಲಿ ಬರೀ ಚುಕ್ಕಿ ಇರುತ್ತದೆ, ಉಂಗುರ ಇರುವುದಿಲ್ಲ. ಉಂಗುರ ಇದ್ದರೆ ಜೀವ ಕೂತಿದೆ ಎಂದು ಅರ್ಥ, ಕಾವು ಸಿಕ್ಕಿದರೆ ಮರಿಯಾಗುತ್ತದೆ. ಒಡೆಯದೆ ಇದು ತಿಳಿಯುವುದಿಲ್ಲ. ಇವರು ಎರಡನೆಯದನ್ನು ಒಡೆದರು, ಬಗ್ಗಿ ನೋಡಿದರು. "ಇದೂ" ಎಂದರು. ಮೂರನೆಯದು. "ಇದೂ." ನಾನು ಸ್ಟವ್ ಆರಿಸಿದೆ. ಆಮೇಲೆ ಅವರು ಹೇಳುವುದನ್ನೂ ಬಿಟ್ಟರು, ಒಂದೊಂದನ್ನೇ ಒಡೆದು, ನೋಡಿ, ಚಿಪ್ಪನ್ನು ಪಕ್ಕಕ್ಕಿಟ್ಟರು. ಬುಟ್ಟಿಯಲ್ಲಿ ರಾಗಿ ಮಾತ್ರ ಉಳಿಯಿತು. ಪಾತ್ರೆಯ ತುಂಬ ಪುಟ್ಟ ಪುಟ್ಟ ಹಳದಿಗಳು, ಪ್ರತಿಯೊಂದರ ಮೇಲೂ ಉಂಗುರ.

"ಒಂದೂ ಖಾಲಿ ಇರ್ಲಿಲ್ಲ ಕಣೆ" ಎಂದರು.

ನಾನು ಪಾತ್ರೆಯನ್ನು ನನ್ನ ಕಡೆ ಎಳೆದುಕೊಂಡು, ಉಪ್ಪು ಹಾಕಿ, ಆ ಉಂಗುರಗಳು ಒಂದೂ ಕಾಣದಾಗುವ ತನಕ ಕದಡಿದೆ.